ಐದು ವ್ಯಾಟಿನ ಅತ್ತೆ

ನಮ್ಮತ್ತೆಯ ಬಲಗೈಯ ತೋರುಬೆರಳೂ ನಡುಬೆರಳೂ ತುದಿಯಲ್ಲಿ ಚಪ್ಪಟೆಯಾಗಿದ್ದವು. ಅಲ್ಲಿನ ಚರ್ಮ ಸವೆದ ಚಪ್ಪಲಿಯ ಅಟ್ಟೆಯಂತೆ ನುಣ್ಣಗಾಗಿ ಗಟ್ಟಿಯಾಗಿತ್ತು. ಹರೆಯದಲ್ಲೇ ತಂತಿ ಕಚೇರಿಗೆ ಸೇರಿ, ಗಿಡ್ಡ, ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಮೋರ್ಸ್ ಕೀಯ ಕರಿಗುಂಡಿಯನ್ನು ಒತ್ತಿ ಒತ್ತಿ ಆ ಬೆರಳುಗಳು ಹಾಗಾಗಿದ್ದವು. ಕಚೇರಿಗೆ ಹೊಸ ಯಂತ್ರಗಳು ಬಂದು ಕೀ ಮೂಲೆ ಸೇರಿದರೂ ಬೆರಳುಗಳಿಗೆ ಆ ಸುದ್ದಿ ತಲುಪಿರಲಿಲ್ಲ. ಬಸ್ಸಿನ ಕಂಬಿ, ಊಟದ ತಟ್ಟೆ, ಕಿಟಕಿಯ ಚೌಕಟ್ಟು, ಏನು ಸಿಕ್ಕರೂ ಅದರ ಮೇಲೆ ಟಕ್ ಟಕ ಟಕ್ ಎನ್ನುತ್ತಲೇ ಇದ್ದವು.

ನನ್ನನ್ನು ನೋಡಲು ಕೊರಟಗೆರೆಯ ನಮ್ಮ ಮನೆಗೆ ಬಂದ ದಿನವೂ ಅವರು ಕಾಫಿ ಲೋಟದ ಮೇಲೆ ಹೀಗೇ ಬಡಿಯುತ್ತ ಕೂತಿದ್ದರು. ನಮ್ಮಮ್ಮ ಅಡುಗೆಮನೆಗೆ ಬಂದು, “ಆಯಮ್ಮಂಗೆ ನೀನು ಒಪ್ಗೆಯಾಗಿಲ್ಲ ಅನ್ಸುತ್ತೆ. ಒಂದೇ ಸಮ ಚಡಪಡಿಸ್ತೈತೆ” ಅಂದರು. ನಾನು ಹುಟ್ಟಾ ಪುಕ್ಕಲಿ. ಅವರು ಹೊರಡುವವರೆಗೂ ಮತ್ತೆ ಅಡುಗೆಮನೆ ಬಿಟ್ಟು ಹೊರಬರಲಿಲ್ಲ. ಮದುವೆಯಾಗಿ ಮಧುಗಿರಿಗೆ ಬಂದು ಸ್ವಲ್ಪ ಸಲಿಗೆ ಬೆಳೆದ ಮೇಲೆ ಕೇಳಿದೆ. ಅತ್ತೆ ನಕ್ಕುಬಿಟ್ಟರು.

“ಕಾಫಿಗೆ ಸಕ್ರೆ ಜಾಸ್ತಿಯಾಗೈತೆ ಅಂತ ಒತ್ತುತಿದ್ದೆ ಕಣಮ್ಮ. ಹೆಣ್ಣು ನೋಡಾಕೆ ಬಂದೋರು ಅದನ್ನ ಬಾಯ್ಬುಟ್ಟು ಹೇಳಾಕಾಯ್ತದಾ?”

ಅವರ ಕಾಲದಲ್ಲಿ ಮನೆಗೆ ತಂತಿ ಬಂತೆಂದರೆ ಓದುವ ಮೊದಲೇ ಅಳು ಶುರುವಾಗುತ್ತಿತ್ತಂತೆ. ಯಾರದೋ ಸಾವು, ಯಾರದೋ ಸೀರಿಯಸ್ಸು. ಅವೆಲ್ಲ ಮೊದಲು ಬೀಳುತ್ತಿದ್ದದ್ದು ಅತ್ತೆಯ ಕಿವಿಗೆ. ಮಾವ ತೀರಿಹೋಗಿ, ನಿವೃತ್ತಿಯೂ ಆಗಿ, ತಂತಿಯೆಂಬುದೇ ನಿಂತುಹೋದ ಮೇಲೆ ಅವರು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಪರೀಕ್ಷೆ ಬರೆದು ದೂರದೂರದವರಿಗೆ ಸಂಕೇತ ಕಳಿಸುವ ಲೈಸೆನ್ಸ್ ಪಡೆದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದವರಿಗೆ ಅವರ ಉತ್ತರ ಒಂದೇ. “ಅಷ್ಟು ವರ್ಷ ಕೆಟ್ಟ ಸುದ್ದಿ ಕೇಳಿದೀನಿ. ಈಗ ಸುಮ್ನೆ ‘ಹೆಂಗಿದೀರ, ನಿಮ್ಮ ಕಡೆ ಮಳೆ ಐತಾ’ ಅಂತ ಕೇಳೋರ ಜೊತೆ ಮಾತಾಡ್ತೀನಿ.”

ಅವರ ರೇಡಿಯೋ ಒಂದು ಟಿಫಿನ್ ಡಬ್ಬಿಯಷ್ಟಿತ್ತು. ಅದು ಹೊರಹಾಕುವ ಶಕ್ತಿ ಐದು ವ್ಯಾಟ್ ಮಾತ್ರ. ನಮ್ಮ ಬಚ್ಚಲ ಮನೆಯ ಬಲ್ಬೂ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಇಷ್ಟರಲ್ಲೇ ಸಮುದ್ರ ದಾಟಿ ಮಾತಾಡುತ್ತೇನೆ ಎನ್ನುವುದು ಅವರ ಹಟ. ಮೊದಮೊದಲು ತಾರಸಿಯ ಮೇಲೆ ತಂತಿ ಎಳೆದು ನೋಡಿದರು. ಆದರೆ ಪೇಟೆಯೊಳಗಿನ ಮನೆ. ಸುತ್ತಮುತ್ತಲಿನ ಎಲ್‌ಇಡಿ ದೀಪ, ಯುಪಿಎಸ್, ಚಾರ್ಜರುಗಳೆಲ್ಲ ಸೇರಿ ಕಿವಿಯಲ್ಲಿ ಗುಂಯ್ ಎಂಬ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಹಾಗಾಗಿ ಡಬ್ಬಿ, ಮೋರ್ಸ್ ಕೀ, ಬ್ಯಾಟರಿ, ಸುತ್ತಿದ ತಂತಿ ಎಲ್ಲವನ್ನೂ ಒಂದು ತರಕಾರಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಊರಾಚೆ ಹೋಗತೊಡಗಿದರು. ಬಯಲಲ್ಲಿ ಒಂದು ಮರ ಹುಡುಕಿ, ದಾರಕ್ಕೆ ಕಲ್ಲು ಕಟ್ಟಿ ಕೊಂಬೆಯ ಮೇಲಿಂದ ಎಸೆದು, ಆ ದಾರದಿಂದ ತಂತಿಯನ್ನು ಮೇಲಕ್ಕೆಳೆದು, ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಕೂರುವುದು. ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ, ಕಿವಿಯಲ್ಲಿ ಇಯರ್‌ಫೋನ್.

ಆಗ ಅವರು ಒಬ್ಬರೇ ಹೋಗುತ್ತಿದ್ದರು. ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಕೂತು, ಬಿದ್ದರೇನೋ, ಬಿ.ಪಿ. ಮಾತ್ರೆ ಮರೆತರೇನೋ, ಹಾವು ಕಂಡರೇನೋ ಎಂದು ಬೇಯುತ್ತಿದ್ದೆ. ನಮ್ಮ ಬೆಟ್ಟಗುಡ್ಡಗಳಲ್ಲಿ ಕರಡಿಗಳಿಗೇನು ಕಮ್ಮಿ? ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ರೇಡಿಯೋ ಕೇಳುವಾಗ ಅವರಿಗೆ ಫೋನ್ ಎಂದರೆ ಅಲರ್ಜಿ.

ನನ್ನ ಗಂಡ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಒಬ್ಬ ಕಂಟ್ರಾಕ್ಟರರ ಕೈಕೆಳಗೆ ಟೆಕ್ನಿಷಿಯನ್. ವಾರದ ಕೊನೆಗೆ ಮಧುಗಿರಿಗೆ ಬರುತ್ತಿದ್ದರು. ಒಂದು ಬೇಸಿಗೆ ರಜೆಯಲ್ಲಿ ಅವರಿಗೆ ಊಟ ಕಟ್ಟಿಕೊಂಡು ಅತ್ತೆಯೂ ನಾನೂ ಅಲ್ಲಿಗೆ ಹೋದೆವು. ಊಟ ಕೊಟ್ಟು ಹಿಂದಿರುಗುವಾಗ ರಾಯಚರ್ಲು ಹತ್ತಿರ ಅತ್ತೆ ಆಟೋ ನಿಲ್ಲಿಸಿಬಿಟ್ಟರು. “ಇಷ್ಟು ದೊಡ್ಡ ಪಾರ್ಕಿನ ಪಕ್ಕ ರೇಡಿಯೋದಾಗೆ ಎಷ್ಟು ಗಲಾಟೆ ಐತೆ ಅಂತ ಒಂದ್ಸಲ ಕೇಳಿ ನೋಡಾಣ ಇರು.” ಬೇಡವೆಂದರೂ ಬಿಡಲಿಲ್ಲ. ಜೊತೆಗೆ ತಂದಿದ್ದ ತರಕಾರಿ ಚೀಲ ಬಿಚ್ಚಿ, ಬೇಲಿಯಿಂದ ಸ್ವಲ್ಪ ದೂರದ ಬೇವಿನ ಮರಕ್ಕೆ ತಂತಿ ಏರಿಸಿ ಕೂತರು.

ಸ್ವಲ್ಪ ಹೊತ್ತಿಗೆಲ್ಲ ಬೈಕಿನಲ್ಲಿ ಇಬ್ಬರು ಸೆಕ್ಯುರಿಟಿಯವರು ಬಂದರು. ಅವರ ಹಿಂದೆಯೇ ಊರಿನ ಐದಾರು ಜನ. ಆಂಧ್ರದ ಗಡಿಯ ಕಡೆಯವರು, ಮಾತಿನಲ್ಲಿ ತೆಲುಗು ಬೆರೆತಿತ್ತು.

“ಏಮ್ಮಾ, ಯಾವೂರು ನೀವು? ಈ ವೈರು ಎಕ್ಕಡಿಂದ ತಂದ್ರಿ?”

“ನಮ್ದೇ ಕಣಪ್ಪ. ರೇಡಿಯೋದು” ಅಂದರು ಅತ್ತೆ.

“ರೇಡಿಯೋಗೆ ಇಷ್ಟುದ್ದ ವೈರಾ? ಮೊನ್ನೆ ಇಂಗೇ ಯಾರೋ ಬಂದು ಕೇಬಲ್ ಕೊಯ್ಕೊಂಡು ಎಳ್ಳಿಪೋಯಿನಾರು. ಚೀಲ ತೆಗೀರಿ, ಚೂಸ್ತಾಂ!”

ಒಬ್ಬ ಚೀಲವನ್ನು ಕಿತ್ತುಕೊಂಡ. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದರು. ನಾಳೆ ಇದು ನಮ್ಮ ಶಾಲೆಯವರ ಕಣ್ಣಿಗೆ ಬಿದ್ದರೆ, ಕಳ್ಳಿಯೆಂದು ಊರೆಲ್ಲ ಹರಡಿದರೆ ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅತ್ತೆ ಲೈಸೆನ್ಸ್ ತೋರಿಸಿದರು. ಅದನ್ನು ಹಿಂದೆಮುಂದೆ ತಿರುವಿದರೇ ಹೊರತು ಯಾರೂ ನಂಬಲಿಲ್ಲ. ನಮ್ಮನ್ನು ಸೆಕ್ಯುರಿಟಿ ಶೆಡ್ಡಿಗೆ ಕರೆದೊಯ್ದು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂರಿಸಿದರು. ತಗಡಿನ ಸೂರು ಕಾಯ್ದು ಬೆಂಕಿಯಾಗಿತ್ತು. ನನ್ನ ಕಣ್ಣೀರು ನಿಲ್ಲುತ್ತಿರಲಿಲ್ಲ. ಅತ್ತೆ ಮಾತ್ರ ಅಲ್ಲಿದ್ದ ಯುವಕನಿಗೆ, “ಮೊದ್ಲು ಕುಡಿಯಾಕೆ ನೀರು ಕೊಡಪ್ಪ, ಆಮೇಲೆ ಪೊಲೀಸ್ನೋರ್ನ ಕರೀವಂತೆ” ಅಂದರು. ಅವನು ಪೆಚ್ಚಾಗಿ ನೀರು ತಂದುಕೊಟ್ಟ.

ನನ್ನ ಗಂಡ ಓಡಿಬಂದು, ತನ್ನ ಐಡಿ ಕಾರ್ಡ್ ತೋರಿಸಿ, ಸೂಪರ್‌ವೈಸರರಿಂದ ಫೋನ್ ಮಾಡಿಸಿ ನಮ್ಮನ್ನು ಬಿಡಿಸಿದರು. ಬಸ್ ನಿಲ್ದಾಣದಲ್ಲಿ ಸಿಡಿದರು. “ಅಮ್ಮ, ಇವತ್ತಿಗೆ ಸಾಕು. ನಾಳೆ ಯಾರಾದ್ರೂ ಕೈ ಮಾಡ್ಬುಟ್ರೆ ಏನ್ಮಾಡ್ತೀಯ? ಇನ್ಮೇಲೆ ಮನೇಲಿರು.”

“ಮನೇಲಿ ಕೇಳ್ಸಲ್ಲ ಕಣ್ಲಾ.”

“ಕೇಳಿಸ್ದಿದ್ರೆ ಬೇಡ ಬುಡು!”

ಆಮೇಲೆ ಹಲವು ದಿನ ಅತ್ತೆಯ ಬೆರಳುಗಳು ಯಾವುದರ ಮೇಲೂ ಬಡಿಯಲಿಲ್ಲ. ಊಟಕ್ಕೆ ಕೂತರೆ ತಟ್ಟೆ ಸುಮ್ಮನಿರುತ್ತಿತ್ತು. ಆ ಸದ್ದಿಲ್ಲದ ಮನೆ ನನಗೆ ಇನ್ನೂ ಹೆಚ್ಚು ದಿಗಿಲು ಹುಟ್ಟಿಸಿತು. ಕೊನೆಗೆ ನಾನೇ ಗಂಡನಿಗೆ, “ಭಾನುವಾರ ನಾನೂ ಜೊತೆಗೆ ಹೋಗ್ತೀನಿ ಕಣ್ರೀ. ಗೊತ್ತಿರೋ ಜಾಗಕ್ಕೇ ಕರ್ಕೊಂಡು ಹೋಗ್ತೀನಿ” ಅಂದೆ.

ಗೊತ್ತಿರುವ ಜಾಗವೆಂದರೆ ಅತ್ತೆಯ ತವರು. ಶಿರಾ ತಾಲೂಕಿನ ಗೌಡಗೆರೆ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವರ ಅಣ್ಣನ ಮಕ್ಕಳ ಕಡ್ಲೆಕಾಯಿ ಹೊಲವಿತ್ತು. ಬದುವಿನ ಮೇಲೆ ಎತ್ತರದ ಹುಣಸೆಮರ. ಪಕ್ಕದ ಬೀಳಿನಲ್ಲಿ ಒಬ್ಬ ಕುರಿಗಾಹಿ ದಿನವೂ ಕುರಿ ಮೇಯಿಸುತ್ತಿದ್ದ. ಮೊದಲ ದಿನ ನಮ್ಮನ್ನು ಅನುಮಾನದಿಂದ ನೋಡಿದವನು, ಅತ್ತೆ ಎಸೆದ ಕಲ್ಲು ಮತ್ತೆ ಮತ್ತೆ ಕೊಂಬೆ ತಪ್ಪುವುದನ್ನು ನೋಡಲಾರದೆ ಬಂದು, ಒಂದೇ ಎಸೆತಕ್ಕೆ ದಾರ ಏರಿಸಿಕೊಟ್ಟ. ಅಲ್ಲಿಂದ ಮುಂದೆ ಅದು ಅವನ ಕೆಲಸವೇ ಆಯಿತು.

ಅಲ್ಲಿ ನಾನು ಅತ್ತೆಯನ್ನು ಹತ್ತಿರದಿಂದ ಕಂಡೆ. ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಇನ್ನೊಂದು ನನಗೆ. ಮೊದಲು ಲೈಸೆನ್ಸಿನ ಜೊತೆ ಸಿಕ್ಕ ತಮ್ಮ ಗುರುತಿನ ಅಕ್ಷರಗಳನ್ನು, ಅಂದರೆ ಕರೆಸಂಕೇತವನ್ನು, ಒತ್ತಿ ಕರೆಯುವುದು, ಆಮೇಲೆ ಕೇಳುವುದು. ಉತ್ತರವಿಲ್ಲ. ಮತ್ತೆ ಕರೆಯುವುದು. ಬರಿಯ ಸೊಯ್ಯೆನ್ನುವ ಗಾಳಿಯಂಥ ಸದ್ದು. ಒಂದೊಂದು ಭಾನುವಾರ ಸಂಜೆಯವರೆಗೆ ಕೂತರೂ ಯಾರೂ ಸಿಗುತ್ತಿರಲಿಲ್ಲ. “ಜಾಸ್ತಿ ಪವರಿನ ಡಬ್ಬಿ ತಗೋಬಾರ್ದಾ ಅತ್ತೆ?” ಅಂದರೆ, “ಜೋರಾಗಿ ಅರಚಿದ್ರೆ ಎಲ್ರಿಗೂ ಕೇಳ್ತದೆ. ಮೆಲ್ಲಗೆ ಕರೆದಿದ್ದು ಅಷ್ಟು ದೂರದೋರಿಗೆ ಕೇಳ್ಸಿದ್ರೆ ಆಗೋ ಖುಷಿನೇ ಬೇರೆ ಕಣಮ್ಮ” ಅನ್ನುತ್ತಿದ್ದರು.

ಅವರಿಗೆ ತಪ್ಪದೆ ಸಿಗುತ್ತಿದ್ದವರು ಒಬ್ಬರು. ಬಲ್ಗೇರಿಯಾ ದೇಶದ ಕಡಲ ತೀರದ ಊರಿನವರು. ಹಡಗುಗಳಲ್ಲಿ ರೇಡಿಯೋ ಕೆಲಸ ಮಾಡಿ ನಿವೃತ್ತರಾದ ಮುದುಕರು. ಅತ್ತೆ ಅವರನ್ನು ‘ಸಮುದ್ರದಣ್ಣ’ ಎನ್ನುತ್ತಿದ್ದರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರ ಮಂಡಿನೋವು, ನಮ್ಮ ಕಡ್ಲೆಕಾಯಿ, ಅಲ್ಲಿನ ಹಿಮ, ಇಲ್ಲಿನ ಬಿಸಿಲು, ಮಾತು ಇಷ್ಟೇ. ಅದನ್ನೇ ಅತ್ತೆ ವಾರವಿಡೀ ನೆನೆನೆನೆದು ನಗುತ್ತಿದ್ದರು. ಸಮುದ್ರದಣ್ಣನ ಕೈಯ ಒತ್ತು ಹೇಗೆಂದರೆ, ಹೆಸರು ಹೇಳುವ ಮೊದಲೇ ಅವರೆಂದು ಗೊತ್ತಾಗುತ್ತದಂತೆ. ಅವರಿಗೂ ಅತ್ತೆಯ ಕೈ ಹಾಗೆಯೇ ಗೊತ್ತು.

ನನಗೆ ಆ ಸಂಕೇತಗಳು ತಲೆಗೆ ಹತ್ತುತ್ತಿರಲಿಲ್ಲ. ಕಿವಿಯಲ್ಲಿ ಕೇಳುತ್ತಿದ್ದರೂ ನನ್ನ ಗಮನವೆಲ್ಲ ಪೊದೆಗಳ ಕಡೆಗೇ ಇರುತ್ತಿತ್ತು. ಅತ್ತೆ ಕಲಿಸಿದ್ದರಲ್ಲಿ ನೆನಪಿನಲ್ಲಿ ಉಳಿದದ್ದು ಪ್ರಶ್ನೆಯ ಗುರುತು ಒಂದೇ. ಎರಡು ಗಿಡ್ಡ, ಎರಡು ಉದ್ದ, ಮತ್ತೆ ಎರಡು ಗಿಡ್ಡ. “ಅರ್ಥ ಆಗ್ದಿದ್ರೆ ಇದನ್ನ ಕಳಿಸ್ಬೇಕು. ‘ಏನಂದ್ರಿ?’ ಅಂತ.”

ಕಡ್ಲೆಕಾಯಿ ಕೀಳುವ ಕಾಲದ ಒಂದು ಭಾನುವಾರ. ಹೊಲದಲ್ಲಿ ಹೆಣ್ಣಾಳುಗಳು ಮಧ್ಯಾಹ್ನದ ಊಟ ಮುಗಿಸಿ ಮತ್ತೆ ಬಗ್ಗಿದ್ದರು. ಸಮುದ್ರದಣ್ಣ ಬೇಗನೆ ಸಿಕ್ಕರು. ಅತ್ತೆ ಗೆಲುವಾಗಿ ಕೀ ಒತ್ತುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಗೆ ಗೊತ್ತಿದ್ದ ಆ ಒಂದೇ ಗುರುತು ಬಂತು. ಎರಡು ಗಿಡ್ಡ, ಎರಡು ಉದ್ದ, ಎರಡು ಗಿಡ್ಡ. ಅತ್ತೆ ಮತ್ತೆ ಕಳಿಸಿದರು. ಮತ್ತೆ ಅದೇ ಗುರುತು. ಮತ್ತೊಮ್ಮೆ. ಈ ಸಲ ಆ ಕಡೆಯಿಂದ ಅವಸರವಾಗಿ, ಬಿಡದೆ, ಅದೊಂದನ್ನೇ ಕಳಿಸುತ್ತಿದ್ದರು.

“ಅಣ್ಣಂಗೇನಾಗೈತೆ? ನಾನು ಸರ್ಯಾಗೇ ಕಳಿಸ್ತಿದೀನಲ್ಲ” ಅಂದರು ಅತ್ತೆ. ಆ ಮಾತು ಬಾಯಲ್ಲಿ ಅಡಿಕೆ ಇಟ್ಟುಕೊಂಡು ಆಡಿದಂತಿತ್ತು.

ತಿರುಗಿ ನೋಡಿದೆ. ತುಟಿಯ ಬಲತುದಿ ಕೆಳಕ್ಕೆ ಜಾರಿತ್ತು. ಕೀಯ ಮೇಲಿನ ಬೆರಳುಗಳು ಒತ್ತುತ್ತಲೇ ಇದ್ದವು, ಆದರೆ ಲಯವೇ ಇರಲಿಲ್ಲ. “ಅತ್ತೆ, ಈ ಕಡೆ ನೋಡಿ, ಕೈ ಎತ್ತಿ” ಎಂದು ಕೂಗಿದೆ. ಎಡಗೈ ಎದ್ದಿತು. ಬಲಗೈ ಅರ್ಧಕ್ಕೇ ಕುಸಿದು ಡಬ್ಬಿಯ ಮೇಲೆ ಬಿತ್ತು. ನೀರು ಕುಡಿಸಲು ಹೋದರೆ ಬಾಯಿಯ ಪಕ್ಕದಿಂದ ಇಳಿದುಹೋಯಿತು. ನಾನು ಅರಚಿದ್ದು ಎಷ್ಟು ದೂರ ಕೇಳಿಸಿತೋ, ಹೆಣ್ಣಾಳುಗಳು ಬಳ್ಳಿ ಎಸೆದು ಓಡಿಬಂದರು. ಕುರಿಗಾಹಿ ಕೋಲನ್ನೂ ಕುರಿಗಳನ್ನೂ ಬಿಟ್ಟು ರಸ್ತೆಗೆ ಓಡಿ, ಕಡ್ಲೆಕಾಯಿ ಮೂಟೆ ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ಆಟೋಗೆ ಅಡ್ಡ ನಿಂತ. ಅರ್ಧ ಮೂಟೆಗಳನ್ನು ಅಲ್ಲೇ ಕೆಳಕ್ಕೆ ಉರುಳಿಸಿ, ಉಳಿದವುಗಳ ಮೇಲೆ ಅತ್ತೆಯನ್ನು ಮಲಗಿಸಿದೆವು.

ಶಿರಾದಲ್ಲಿ ಆಂಬುಲೆನ್ಸ್ ಸಿಕ್ಕಿತು. ಅಲ್ಲಿಂದ ತುಮಕೂರು. ದಾರಿಯುದ್ದಕ್ಕೂ ಅತ್ತೆ ಕಣ್ಣು ಬಿಟ್ಟುಕೊಂಡೇ ಇದ್ದರು. ಏನೋ ಹೇಳಲು ಹೆಣಗುತ್ತಿದ್ದರು, ನನಗೆ ತಿಳಿಯುತ್ತಿರಲಿಲ್ಲ. ನಾನು ಅವರ ಎಡಗೈ ಹಿಡಿದು, ಯಾವ ದೇವರನ್ನು ಕರೆಯಬೇಕೆಂದೂ ತೋಚದೆ, “ಅತ್ತೆ, ಇಲ್ಲೇ ಇದೀನಿ, ಇಲ್ಲೇ ಇದೀನಿ” ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಯಾವಾಗ ಶುರುವಾಯ್ತು? ಸರಿಯಾಗಿ ಹೇಳಿ.” ಆ ಪ್ರಶ್ನೆಯ ಗುರುತು ಮೊದಲು ಕೇಳಿದ ಗಳಿಗೆ ನನಗೆ ಗೊತ್ತಿತ್ತು, ಹೇಳಿದೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ಅದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಇನ್ನೂ ಸಮಯ ಇದೆ ಎಂದು ಒಳಗೆ ಓಡಿದರು. ಆ ಭಾನುವಾರ ಡ್ಯೂಟಿಯಲ್ಲಿದ್ದ ಗಂಡ ಪಾವಗಡದಿಂದ ಬರುವವರೆಗೆ ನಾನು ಬಾಗಿಲ ಹೊರಗೆ ಒಬ್ಬಳೇ ಗೋಡೆಗೆ ಒರಗಿ ನಿಂತಿದ್ದೆ. ಬಾಗಿಲು ತೆರೆದಾಗಲೆಲ್ಲ ಮುಂದೆ ಹೋಗಿ ಒಳಗೆ ಇಣುಕುತ್ತಿದ್ದೆ.

ಅತ್ತೆ ಬದುಕಿದರು. ಮಾತು ನಿಧಾನವಾಗಿ ಮರಳಿತು, ಕಾಲಿಗೂ ಬಲ ಬಂತು. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಗಂಡ ಗೌಡಗೆರೆಗೆ ಹೋಗಿ ನೋಡಿದರೆ, ಕುರಿಗಾಹಿ ರೇಡಿಯೋವನ್ನು ಕಂಬಳಿಯಲ್ಲಿ ಸುತ್ತಿ ಮನೆಯೊಳಗಿಟ್ಟಿದ್ದನಂತೆ. ತಂತಿಯನ್ನು ತನ್ನದೊಂದು ಕೋಲಿಗೆ ಒಂದು ಗಂಟೂ ಬೀಳದಂತೆ ಸುತ್ತಿದ್ದನಂತೆ. ಅದನ್ನು ತಂದು ಮುಂದಿಟ್ಟಾಗ ಅತ್ತೆ ಮುಖ ತಿರುಗಿಸಿದರು. “ಒಳಗಿಡು. ಕೈ ಇಲ್ದೋಳ್ಗೆ ಯಾಕೆ?”

ನನಗೆ ಹೊಸ ಹೆದರಿಕೆ ಹಿಡಿಯಿತು. ಅವರು ಕಿಟಕಿಯಾಚೆ ನೋಡುತ್ತ ಕೂರುವುದು, ಊಟ ಅರ್ಧಕ್ಕೇ ಬಿಡುವುದು ಹೆಚ್ಚಾಯಿತು. ಒಂದು ಬೆಳಿಗ್ಗೆ ತಿಂಡಿ ಕೊಡುವಾಗ, ಏನಾದರೂ ಆಗಲಿ ಎಂದು, ಅವರ ತಟ್ಟೆಯ ಅಂಚಿನ ಮೇಲೆ ಚಮಚದಿಂದ ನನಗೆ ಬರುತ್ತಿದ್ದ ಆ ಗುರುತನ್ನೇ ಬಡಿದೆ. ಅತ್ತೆ ನನ್ನನ್ನೇ ನೋಡಿದರು. “ಉದ್ದದ್ದು ಸಾಲ್ದು. ಇನ್ನೂ ಎಳೀಬೇಕು” ಅಂದರು. ಆಮೇಲೆ ಎಡಗೈಯಿಂದ ಚಮಚ ಈಸಿಕೊಂಡು ಬಡಿದು ತೋರಿಸಿದರು. ಅದೂ ಸರಿಯಾಗಿ ಬರಲಿಲ್ಲ. ಇಬ್ಬರಿಗೂ ನಗು ಬಂತು.

ಅಂದಿನಿಂದ ನಾವಿಬ್ಬರೂ ಒಟ್ಟಿಗೇ ಕಲಿತೆವು. ಅವರು ಎಡಗೈಗೆ ಕಲಿಸುತ್ತಿದ್ದರು, ನಾನು ನನ್ನ ಮೊಂಡ ತಲೆಗೆ. ನಾನು ತಪ್ಪಿದರೆ, “ಲೇ, ಅಕ್ಷರ ಎಣಿಸ್ಬೇಡ, ಹಾಡು ಕೇಳ್ದಂಗೆ ಕೇಳು” ಎಂದು ಗದರುತ್ತಿದ್ದರು. ಅವರಿಗೆ ಇನ್ನು ಪೆನ್ಸಿಲ್ ಹಿಡಿಯಲಾಗದು. ಬಂದದ್ದನ್ನು ಬರೆದುಕೊಳ್ಳುವ ಕೆಲಸ ನನ್ನದಾಗಬೇಕಿತ್ತು. ಜೊತೆಗೆ, “ನೀನೂ ಪರೀಕ್ಷೆ ಕಟ್ಟು” ಎಂಬ ಒತ್ತಾಯ. ಲೈಸೆನ್ಸ್ ಕೊಡುವ ಮೊದಲು ಪೊಲೀಸರು ವಿಚಾರಣೆಗೆ ಮನೆಗೆ ಬರುತ್ತಾರೆಂದು ಕೇಳಿ ನಾನು ಹಿಂದೆ ಸರಿದೆ. “ಬಂದ್ರೆ ಕಾಫಿ ಕೊಡು. ಸಕ್ರೆ ಕಮ್ಮಿ ಹಾಕು” ಅಂದರು.

ಡಾಕ್ಟರು ಒಪ್ಪಿ, ಗಂಡನೂ ಒಲ್ಲದ ಮನಸ್ಸಿನಿಂದ ಒಪ್ಪಿ, ನಾವು ಮತ್ತೆ ಆ ಹುಣಸೆಮರದ ಕೆಳಗೆ ಕೂತ ದಿನ ನನ್ನ ಜೀವ ಕೈಯಲ್ಲಿತ್ತು. ಗೂಡ್ಸ್ ಆಟೋ ಡ್ರೈವರನ ಫೋನ್ ನಂಬರ್ ಮೊಬೈಲಿನಲ್ಲಿ ಮೇಲೆಯೇ ಇಟ್ಟುಕೊಂಡಿದ್ದೆ. ಅತ್ತೆ ಎಡಗೈಯಿಂದ ತೊದಲುತ್ತ ಕರೆದರು. ಬಹಳ ಹೊತ್ತು ಯಾರೂ ಇಲ್ಲ. ಆಮೇಲೆ ಸಮುದ್ರದಣ್ಣನೇ ಬಂದರು. ನಾನು ಒಂದೊಂದೇ ಅಕ್ಷರ ಬರೆದುಕೊಂಡೆ. ‘ಈ ಕರೆಸಂಕೇತ ನನ್ನ ಗೆಳತಿಯದು. ಕೀಯ ಮೇಲೆ ಯಾರು?’ ಎಂದು ಅವರು ಕೇಳುತ್ತಿದ್ದರು. ಬೇರೆ ಯಾರೋ ಅತ್ತೆಯ ಗುರುತನ್ನು ಕದ್ದು ಬಳಸುತ್ತಿದ್ದಾರೆಂದು ಅವರಿಗೆ ಅನುಮಾನ.

ಅತ್ತೆ ಎಡಗೈಯಿಂದ ಕಳಿಸಿದರು. “ಅದೇ ಮುದುಕಿ. ಕೈ ಹೊಸದು.”

ಆ ಕಡೆಯಿಂದ ಬಂದದ್ದನ್ನು ನನಗೆ ಬರೆಯಲಾಗಲಿಲ್ಲ. ಸಮುದ್ರದಣ್ಣ ಅಕ್ಷರಗಳನ್ನೇ ಕಳಿಸುತ್ತಿರಲಿಲ್ಲ, ಗಿಡ್ಡಗಳನ್ನು ಸುಮ್ಮನೆ ಸುರಿಯುತ್ತಿದ್ದರು. “ನಗ್ತಾವ್ರೆ ಕಣಮ್ಮ, ನಗ್ತಾವ್ರೆ” ಎಂದು ಅತ್ತೆ ಅತ್ತರು.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಭಾನುವಾರಗಳು ಸಿಕ್ಕವು. ನಾನು ಪರೀಕ್ಷೆ ಬರೆದೆ, ಪಾಸೂ ಆದೆ. ಲೈಸೆನ್ಸ್ ಇನ್ನೂ ಕೈಗೆ ಬಂದಿರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಹಜಾರದಲ್ಲಿ ಎಡಗೈಯಿಂದಲೇ ಅವರೆಕಾಯಿ ಬಿಡಿಸುತ್ತ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಈ ಸಲ ಆಸ್ಪತ್ರೆಗೆ ಒಯ್ಯುವಷ್ಟೂ ಪುರುಸೊತ್ತು ಕೊಡಲಿಲ್ಲ. ತವರಿನ ಹೊಲದ ಪಕ್ಕದಲ್ಲೇ, ಅವರು ಹೇಳಿಟ್ಟಿದ್ದಂತೆ, ಸಮಾಧಿ ಮಾಡಿದೆವು.

ಸಮುದ್ರದಣ್ಣನಿಗೆ ತಿಳಿಸಬೇಕಿತ್ತು. ಗಂಡ ಇಂಟರ್ನೆಟ್ಟಿನಲ್ಲಿ ಅವರ ವಿಳಾಸ ಹುಡುಕಿ ಮೇಲ್ ಕಳಿಸಿದರು. ಅದು ತಲುಪದೆ ವಾಪಸ್ ಬಂತು. ಭಾನುವಾರ ಗಂಡನ ಜೊತೆ ಹೋಗಿ ಕೇಳಿದರೆ, ಅವರು ಅತ್ತೆಯನ್ನು ಕರೆಯುತ್ತಿದ್ದರು. ಕರೆಯುವುದು, ಕಾಯುವುದು, ಮತ್ತೆ ಕರೆಯುವುದು. ನನ್ನದೇ ಲೈಸೆನ್ಸ್ ಇಲ್ಲದೆ ನಾನು ಕೀ ಮುಟ್ಟುವಂತಿರಲಿಲ್ಲ. ಎಷ್ಟೋ ವಾರ ಹಾಗೆ ಕೇಳಿಸಿಕೊಂಡು, ಉತ್ತರ ಕೊಡಲಾಗದೆ, ಎದ್ದು ಬಂದೆ. ಒಂದು ವಾರ ಅವರು ಕರೆಯಲಿಲ್ಲ. ಅವರಿಗೇ ಏನಾದರೂ ಆಯಿತೇನೋ ಎಂಬ ಯೋಚನೆಯಲ್ಲಿ ನಿದ್ದೆ ಕೆಟ್ಟಿತು. ಮುಂದಿನ ವಾರ ಮತ್ತೆ ಬಂದರು.

ಲೈಸೆನ್ಸ್ ಬಂದ ಮೇಲಿನ ಭಾನುವಾರ ಕುರಿಗಾಹಿ ಎಂದಿನಂತೆ ದಾರ ಎಸೆದುಕೊಟ್ಟು, “ಇವತ್ತು ಯಜಮಾನ್ರೂ ಇಲ್ದೆ ನೀವೊಬ್ರೇ ಬಂದ್ಬುಟ್ರಾ?” ಅಂದ. ಹೂಂ ಅಂದೆ. ನಾನು ಒಬ್ಬಳೇ ಬಸ್ಸು ಹತ್ತಿ, ಒಬ್ಬಳೇ ಹೊಲ ದಾಟಿ ಬಂದಿದ್ದೆ. ಅದು ನನಗೂ ಆಗಷ್ಟೇ ಹೊಳೆಯಿತು.

ಸಮುದ್ರದಣ್ಣನ ಕರೆ ಮುಗಿಯುವವರೆಗೆ ಕಾದು, ನನ್ನ ಹೊಸ ಕರೆಸಂಕೇತ ಹೇಳಿ ಉತ್ತರಿಸಿದೆ. ನೀವು ಕರೆಯುತ್ತಿರುವ ಗೆಳತಿ ತೀರಿಕೊಂಡರು, ನಾನು ಅವರ ಸೊಸೆ, ಅವರೇ ನನಗೆ ಕಲಿಸಿದ್ದು ಎಂದು ಕಳಿಸಿದೆ. ತಪ್ಪಾಯಿತೋ ಎಂದು ಎರಡು ಸಲ ಕಳಿಸಿದೆ.

ಪೆನ್ಸಿಲ್ ಎತ್ತಿಕೊಂಡು ಕಾದೆ. ಆಮೇಲೆ ತೀರಾ ನಿಧಾನವಾಗಿ, ಹೊಸಬಳಾದ ನನಗೆ ಹಿಡಿಯಲು ಆಗಬೇಕೆಂದು ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟು, ಅವರು ಕೇಳಿದರು: ‘ಮಗಳೇ, ನಿನ್ನ ಹೆಸರೇನು?’

ನಾನು ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಒತ್ತಿದೆ. ಸಮುದ್ರದಾಚೆಯಿಂದ ಆ ಹೆಸರು ಒಂದಕ್ಷರವೂ ತಪ್ಪದೆ ನನಗೆ ತಿರುಗಿ ಬಂತು.